ಫಿಲ್ಟರ್ ಇಲ್ಲದೆ ಬಂದ ಹಳೇ ಕಾರಿಗೆ ಎಸಿ ಫಿಲ್ಟರ್ ಕೂರಿಸಿದ ಅನುಭವ – ಬಾಗಲಕೋಟೆ

ನವನಗರದಿಂದ

ಎಲ್ಲರಿಗೂ ನಮಸ್ಕಾರ. ನನ್ನದು 2009ರ ಸಣ್ಣ ಪೆಟ್ರೋಲ್ ಕಾರು. ಮನೆ ಬಾಗಲಕೋಟೆ ನವನಗರದಲ್ಲಿ, ಕೆಲಸ ಮುಧೋಳದಲ್ಲಿ. ಗದ್ದನಕೇರಿ ಕ್ರಾಸ್, ತುಳಸಿಗೇರಿ, ಕಲಾದಗಿ, ಲೋಕಾಪುರ ಹೀಗೆ ದಿನಾ ಹೋಗಿ ಬರುತ್ತೇನೆ. ಈ ದಾರಿ ಗೊತ್ತಿದ್ದವರಿಗೆ ಧೂಳಿನ ಕಥೆ ಬೇರೆ ಹೇಳಬೇಕಾಗಿಲ್ಲ. ಲೋಕಾಪುರದ ಹತ್ತಿರ ಸುಣ್ಣದ ಕಲ್ಲಿನ ಲಾರಿ. ಕಬ್ಬಿನ ಹಂಗಾಮು ಬಂತೆಂದರೆ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಸಾಲು. ಜೋಳದ ರಾಶಿ ಶುರುವಾದರೆ ಹೊಟ್ಟು ಗಾಳಿಯಲ್ಲೇ ತೇಲುತ್ತಿರುತ್ತದೆ.

ನನ್ನ ಅವ್ವನಿಗೆ ದಮ್ಮು ಇದೆ. ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಲು ಬೆಳಗಾವಿಗೆ ಕರೆದುಕೊಂಡು ಹೋಗುತ್ತೇನೆ. ಎಸಿ ಹಾಕಿ ಐದು ನಿಮಿಷ ಆಗುವುದರೊಳಗೆ ಅವ್ವ ಕೆಮ್ಮಲು ಶುರು ಮಾಡುತ್ತಿದ್ದಳು. "ಬಂದ್ ಮಾಡಪ್ಪಾ, ಆ ಗಾಳಿ ಬ್ಯಾಡ ನನಗ" ಅನ್ನುತ್ತಿದ್ದಳು. ತಂಪು ಅವ್ವನಿಗೆ ಒಗ್ಗುತ್ತಿಲ್ಲ ಅಂದುಕೊಂಡು ನಾನು ಎಸಿ ಕಡಿಮೆ ಮಾಡುತ್ತಿದ್ದೆ. ವರ್ಷಗಟ್ಟಲೆ ಹಾಗೇ ನಡೆಯಿತು. ತಂಪಿಗಿಂತ ಗಾಳಿಯಲ್ಲೇ ಏನೋ ಇದೆ ಅಂತ ಹೊಳೆದದ್ದು ತೀರ ತಡವಾಗಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮನೆಯಲ್ಲಿ ವಯಸ್ಸಾದವರು, ಸಣ್ಣ ಮಕ್ಕಳು ಇರುವವರು ದಯವಿಟ್ಟು ಓದಿ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಸರ್ವೀಸಿಂಗ್‌ನಲ್ಲಿ "ಏರ್ ಫಿಲ್ಟರ್ ಚೇಂಜ್" ಅಂತ ಬಿಲ್ ಆಗುವುದು ಎಂಜಿನ್ನಿನದು. ಅದು ಬಾನೆಟ್ ಕೆಳಗಿರುತ್ತದೆ, ಎಂಜಿನ್ ಉಸಿರಾಡುವ ಗಾಳಿಗೆ. ನಾವು ಉಸಿರಾಡುವ ಗಾಳಿಗೆ ಬೇರೆ ಫಿಲ್ಟರ್ ಬೇಕು. ಅದು ಸಾಮಾನ್ಯವಾಗಿ ಎಡಗಡೆ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ನಮ್ಮ ಕಡೆ ಅಂಗಡಿಯವರು ಇದನ್ನು ಎಸಿ ಫಿಲ್ಟರ್ ಅನ್ನುತ್ತಾರೆ. ಹಳೆಯ ಸಣ್ಣ ಕಾರುಗಳಲ್ಲಿ ಎಷ್ಟೋ ಈ ಫಿಲ್ಟರ್ ಇಲ್ಲದೆಯೇ ಬಂದಿವೆ. ನನ್ನದೂ ಹಾಗೇ.

ಎಸಿಯ ಗಾಳಿ ಬರುವ ದಾರಿ ಹೀಗಿದೆ. ಮುಂದಿನ ಗಾಜಿನ ಕೆಳಗಿರುವ ಜಾಲರಿಯಿಂದ ಹೊರಗಿನ ಗಾಳಿ, ಇಲ್ಲವೇ ಕಾಲಿನ ಹತ್ತಿರದಿಂದ ಒಳಗಿನದೇ ಗಾಳಿ. ಬ್ಲೋವರ್ ಅನ್ನುವ ಫ್ಯಾನ್ ಅದನ್ನು ಎಳೆದು ಕೂಲಿಂಗ್ ಕಾಯಿಲ್ ಮೇಲೆ ತಳ್ಳುತ್ತದೆ. ಕಾಯಿಲ್ ಅಂದರೆ ತೆಳು ಅಲ್ಯೂಮಿನಿಯಂ ಎಸಳುಗಳ ಸಾಲು. ಎಸಳಿಗೂ ಎಸಳಿಗೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಅಷ್ಟೆ. ಎಸಿ ಓಡುವಾಗ ಅದು ಸದಾ ಒದ್ದೆ. ಒದ್ದೆ ಜಾಗಕ್ಕೆ ಧೂಳು ಬಂದರೆ ಏನಾಗುತ್ತದೆ? ಕೆಸರಾಗುತ್ತದೆ. ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಆಮೇಲೆ ನಾವು ಆ ಗಾಳಿಯನ್ನೇ ಮುಖಕ್ಕೆ ಬಿಟ್ಟುಕೊಳ್ಳುತ್ತೇವೆ.

ನಾನು ಕೇಳಿದ ಇಬ್ಬರು ಮೆಕ್ಯಾನಿಕ್‌ರೂ "ಈ ಗಾಡಿಗೆ ಫಿಲ್ಟರ್ ಬರಂಗಿಲ್ಲ ಸರ" ಅಂದರು. ಸರಿ, ಫಿಲ್ಟರ್ ಬಂದಿಲ್ಲ. ಆದರೆ ಜಾಗ ಇದೆಯೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಒಂದು ಭಾನುವಾರ ಗ್ಲೋವ್ ಬಾಕ್ಸ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಬ್ಲೋವರ್ ಡಬ್ಬಿಗೂ ಕಾಯಿಲ್ ಡಬ್ಬಿಗೂ ನಡುವೆ ನಿಂತ ಆಕಾರದಲ್ಲಿ ಒಂದು ಚೌಕಟ್ಟು. ಮೇಲೆ ಪ್ಲಾಸ್ಟಿಕ್ ಮುಚ್ಚಿತ್ತು. ಅದರ ಅಂಚಿನುದ್ದಕ್ಕೂ ತೆಳುವಾದ ಗೆರೆ. ಒಂದೇ ಅಚ್ಚಿನಲ್ಲಿ ಫಿಲ್ಟರ್ ಇರುವ ಮಾಡೆಲ್ಲಿಗೂ ಇಲ್ಲದ ಮಾಡೆಲ್ಲಿಗೂ ಡಬ್ಬಿ ಮಾಡಿ, ಇಲ್ಲದ ಕಡೆ ಬಾಯಿ ಮುಚ್ಚಿದ್ದಾರೆ ಅಂತ ಅರ್ಥವಾಯಿತು.

ಕಾರಿನ ಹೆಸರು ನಾನು ಬೇಕಂತಲೇ ಬರೆಯುತ್ತಿಲ್ಲ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷ, ವೇರಿಯಂಟ್ ಬದಲಾದರೆ ಈ ಡಬ್ಬಿ ಬದಲಾಗುತ್ತದೆ. ಇದನ್ನು ಓದಿ ಯಾರೂ ನೋಡದೆ ಬ್ಲೇಡ್ ಹಾಕಬಾರದು. ಮುಚ್ಚಳದ ಹಿಂದೆಯೇ ಕಾಯಿಲ್ ಇರುತ್ತದೆ. ಬ್ಲೇಡ್ ತಾಗಿ ತೂತಾದರೆ ಒಳಗಿನ ತಂಪು ಮಾಡುವ ಗ್ಯಾಸ್ ಹೋಯಿತು, ಕಾಯಿಲ್ಲೂ ಹೋಯಿತು.

ಕೊಯ್ಯಲು ಹ್ಯಾಕ್ಸಾ ಬ್ಲೇಡಿನ ಅರ್ಧ ತುಂಡು ತೆಗೆದುಕೊಂಡೆ. ಹಿಡಿಯುವ ಕಡೆ ಬಟ್ಟೆ ಸುತ್ತಿ, ತುದಿಯಲ್ಲಿ ಒಂದು ಸೆಂಟಿಮೀಟರ್ ಮಾತ್ರ ಬಿಟ್ಟು ಉಳಿದಿದ್ದಕ್ಕೆ ಟೇಪ್ ಸುತ್ತಿದೆ. ಆಳಕ್ಕೆ ಹೋಗಬಾರದು ಅಂತ. ಗೆರೆಯ ಮೇಲೇ ನಿಧಾನವಾಗಿ ಎಳೆದೆ. ಮುಕ್ಕಾಲು ಗಂಟೆ ಹಿಡಿಯಿತು. ಪ್ಲಾಸ್ಟಿಕ್ ಪುಡಿ ಒಳಗೆ ಬೀಳದಂತೆ ಪಕ್ಕದಲ್ಲೇ ತಮ್ಮ ವ್ಯಾಕ್ಯೂಮ್ ಕ್ಲೀನರ್ ಪೈಪ್ ಹಿಡಿದು ನಿಂತಿದ್ದ.

ಮುಚ್ಚಳ ಕೈಗೆ ಬಂತು. ಒಳಗೆ ಟಾರ್ಚ್ ಬಿಟ್ಟೆ. ಕಾಯಿಲ್ ಕಾಣಲಿಲ್ಲ. ಕಂಡದ್ದು ಒಂದು ಬೂದು ಬಣ್ಣದ ಕಂಬಳಿ. ನಿಜವಾಗಿಯೂ ಕಂಬಳಿಯ ಹಾಗೇ ಇತ್ತು. ಬೆರಳಿನಿಂದ ಅಂಚು ಎತ್ತಿದರೆ ಪದರವಾಗಿ ಎದ್ದು ಬಂತು. ಅದರಲ್ಲಿ ಕೂದಲು, ತೊಗರಿ ಹೊಟ್ಟು, ಸೀಟಿನ ನೂಲು, ಒಂದು ಸತ್ತ ನೊಣ, ನಡುವೆ ಸಿಮೆಂಟಿನ ಹಾಗೆ ಗಟ್ಟಿಯಾದ ಬಿಳಿ ಧೂಳು. ಮೂಸಿ ನೋಡಿದೆ. ಮಳೆಗಾಲದಲ್ಲಿ ಒಣಗದ ಗೋಣಿಚೀಲದ ವಾಸನೆ. ಅವ್ವ ಇಷ್ಟು ವರ್ಷ ಇದರ ಗಾಳಿ ಕುಡಿದಳಲ್ಲ ಅಂತ ಹೊಟ್ಟೆ ತೊಳೆಸಿದಂತಾಯಿತು.

ಆ ದಿನ ಫಿಲ್ಟರ್ ಹಾಕಲಿಲ್ಲ. ಕೊಳೆ ಕಾಯಿಲ್ ಮುಂದೆ ಹೊಸ ಫಿಲ್ಟರ್ ಹಾಕಿದರೆ ಶುದ್ಧ ಗಾಳಿ ಕೊಳೆಯ ಮೇಲೆ ಹಾದು ಬರುತ್ತದೆ, ಅಷ್ಟೇ ಅಲ್ವಾ. ಮೊದಲು ಪದರವನ್ನು ಕೈಯಿಂದ ಬಿಡಿಸಿದೆ. ಎಸಳುಗಳ ನಡುವಿನದನ್ನು ಹಳೆಯ ಮೆತ್ತನೆ ಟೂತ್‌ಬ್ರಶ್‌ನಿಂದ ಎಸಳಿನ ಉದ್ದಕ್ಕೇ ಎಳೆದೆ. ಅಡ್ಡ ಎಳೆದರೆ ಎಸಳು ಮಡಚುತ್ತವೆ. ಆಮೇಲೆ ಕಾಯಿಲ್ ತೊಳೆಯುವ ನೊರೆ ಸ್ಪ್ರೇ ಹೊಡೆದು ಕಾಲು ಗಂಟೆ ಬಿಟ್ಟೆ. ಗಾಡಿ ಕೆಳಗೆ ಡ್ರೈನ್ ಪೈಪಿನಿಂದ ಚಹಾ ಬಣ್ಣದ ನೀರು ಬಿತ್ತು. ಮೂರನೇ ಸಲ ಹೊಡೆದ ಮೇಲೆ ತಿಳಿಯಾಯಿತು.

ಮರುದಿನ ಫಿಲ್ಟರ್ ಕೂರಿಸಿದೆ. ಇದೇ ಕಂಪನಿಯ ಫಿಲ್ಟರ್ ಇರುವ ಮಾಡೆಲ್ಲಿನದು, ಅಳತೆ ಹಿಡಿದುಕೊಂಡು ಹೋಗಿ ತಂದದ್ದು. ಪಕ್ಕದಲ್ಲಿ ಗಾಳಿ ಹರಿಯುವ ದಿಕ್ಕಿಗೆ ಬಾಣ ಇರುತ್ತದೆ. ನನ್ನ ಗಾಡಿಯಲ್ಲಿ ಬಾಣ ಬ್ಲೋವರ್ ಕಡೆಯಿಂದ ಕಾಯಿಲ್ ಕಡೆಗೆ ಬರಬೇಕು. ಕೊಯ್ದ ಮುಚ್ಚಳವನ್ನೇ ಫೋಮ್ ಟೇಪ್ ಅಂಟಿಸಿ ವಾಪಸ್ ಮುಚ್ಚಿದೆ. ಸುತ್ತ ಗಾಳಿ ಸೋರುತ್ತಿದೆಯೋ ಅಂತ ನೋಡಲು ಬ್ಲೋವರ್ ಹಾಕಿ ಊದಿನಕಡ್ಡಿ ಹಚ್ಚಿ ಅಂಚಿನುದ್ದಕ್ಕೂ ಹಿಡಿದೆ. ಒಂದು ಮೂಲೆಯಲ್ಲಿ ಹೊಗೆ ಪಕ್ಕಕ್ಕೆ ಹಾರಿತು. ಅಲ್ಲಿಗೆ ಇನ್ನೊಂದು ಪಟ್ಟಿ ಫೋಮ್.

ಹೋದ ವಾರ ಅವ್ವನನ್ನು ಬೆಳಗಾವಿಗೆ ಕರೆದುಕೊಂಡು ಹೋಗಿದ್ದೆ. ಲೋಕಾಪುರ ದಾಟಿದ ಮೇಲೆ ತಿರುಗಿ ನೋಡಿದರೆ ನಿದ್ದೆ ಮಾಡಿದ್ದಳು.

ಗುಮ್ಮಟದೂರು

ತುಂಬ ಉಪಯೋಗ ಆಯಿತು ಸರ್. ನಾನು ವಿಜಯಪುರದವನು. ನನ್ನ ಗಾಡಿಯಲ್ಲೂ ಬಿಚ್ಚಿ ನೋಡಿದೆ, ಜಾಗ ಇದೆ. ನನ್ನ ಅಳತೆಗೆ ಫಿಲ್ಟರ್ ಸಿಗುತ್ತಿಲ್ಲ. ಕಿಟಕಿ ಎಸಿಗೆ ಬರುವ ಫೋಮ್ ಕತ್ತರಿಸಿ, ಎರಡು ಪದರ ಮಾಡಿ, ಮೇಲೆ ಒಂದು ಹತ್ತಿ ಬಟ್ಟೆ ಹಾಕಿ ಕೂರಿಸಿದ್ದೇನೆ. ಧೂಳು ಪೂರ್ತಿ ನಿಂತಿದೆ. ಗಾಳಿ ಸ್ವಲ್ಪ ಕಡಿಮೆ ಬರುತ್ತಿದೆ, ಅದಕ್ಕೆ ಬ್ಲೋವರ್ ಮೂರರಲ್ಲಿ ಇಟ್ಟು ಓಡಿಸುತ್ತಿದ್ದೇನೆ. ತೊಂದರೆ ಇಲ್ಲ ಅಲ್ವಾ?

ಉದ್ಯಮಬಾಗ್_ಎಸಿ

ತೊಂದರೆ ಇದೆ ಸರ್. ಇವತ್ತೇ ಆ ಬಟ್ಟೆ ತೆಗೆಯಿರಿ.

ನಾನು ಬೆಳಗಾವಿಯಲ್ಲಿ ಕಾರ್ ಎಸಿ ಕೆಲಸ ಮಾಡುವವನು. ಬ್ಲೋವರ್‌ಗೆ ಒಂದು, ಎರಡು, ಮೂರು ಸ್ಪೀಡ್ ಕೊಡುವುದು ರೆಸಿಸ್ಟರ್ ಅನ್ನುವ ಸಣ್ಣ ಭಾಗ. ಅದು ಕರೆಂಟನ್ನು ಶಾಖ ಮಾಡಿ ಕಡಿಮೆ ಮಾಡುತ್ತದೆ. ಅದು ತಣ್ಣಗಿರಬೇಕಾದರೆ ಬ್ಲೋವರ್ ಗಾಳಿ ಅದರ ಮೇಲೆ ಹಾಯಬೇಕು. ಅದಕ್ಕೇ ಗಾಳಿ ದಾರಿಯಲ್ಲೇ ಅದನ್ನು ಕೂರಿಸಿರುತ್ತಾರೆ. ನೀವು ದಾರಿಗೆ ಅಡ್ಡ ಕಟ್ಟಿದರೆ ಅದು ಕಾದು ಸುಡುತ್ತದೆ. ಆಮೇಲೆ ಒಂದು, ಎರಡು, ಮೂರು ಯಾವುದೂ ಕೆಲಸ ಮಾಡುವುದಿಲ್ಲ. ನಾಲ್ಕು ಮಾತ್ರ ಓಡುತ್ತದೆ, ಯಾಕೆಂದರೆ ನಾಲ್ಕಕ್ಕೆ ಕರೆಂಟ್ ನೇರ ಹೋಗುತ್ತದೆ. ಇಂಥ ಗಾಡಿ ಬಂದರೆ ನಾನು ಮೊದಲು ಫಿಲ್ಟರ್ ನೋಡುತ್ತೇನೆ.

ಇನ್ನೊಂದು. ಕಾಯಿಲ್ ಮೇಲೆ ಗಾಳಿ ಕಡಿಮೆ ಆದರೆ ಅದರ ಮೇಲೆ ಮಂಜುಗಡ್ಡೆ ಕಟ್ಟಬಹುದು. ಶುರುವಿನಲ್ಲಿ ಚೆನ್ನಾಗಿ ತಂಪಾಗಿ, ಅರ್ಧ ಗಂಟೆ ಆದ ಮೇಲೆ ಗಾಳಿಯೇ ನಿಂತಂತೆ ಆದರೆ ಇದನ್ನೂ ನೋಡಬೇಕು. ಜನ ಗ್ಯಾಸ್ ಕಡಿಮೆ ಆಗಿದೆ ಅಂದುಕೊಂಡು ಸುಮ್ನೆ ಗ್ಯಾಸ್ ತುಂಬಿಸುತ್ತಾರೆ.

ಕಾರ್ ಫಿಲ್ಟರ್ ಮಡಿಕೆ ಮಡಿಕೆಯಾಗಿ ಇರುವುದು ಸುಮ್ನೆ ಅಲ್ಲ. ಅಂಗೈಯಷ್ಟು ಜಾಗದಲ್ಲಿ ಜಾಸ್ತಿ ಬಟ್ಟೆ ಹಿಡಿಸಲು. ಗಾಳಿ ಹಾಯುವ ಬಟ್ಟೆಯ ಹರವು ಜಾಸ್ತಿ ಇದ್ದಷ್ಟೂ ಗಾಳಿ ಸಲೀಸಾಗಿ ಹೋಗುತ್ತದೆ. ಚಪ್ಪಟೆ ಬಟ್ಟೆಗೆ ಆ ಗುಣ ಇಲ್ಲ. ನಿಮ್ಮ ಅಳತೆ ಸಿಗದಿದ್ದರೆ ದೊಡ್ಡ ಅಳತೆಯ ಮಡಿಕೆ ಫಿಲ್ಟರ್ ತಂದು ಕತ್ತರಿಸಿ. ಸುತ್ತ ಫೋಮ್ ಪಟ್ಟಿ ಅಂಟಿಸಿ. ಮಡಿಕೆಗಳು ಗಾಳಿಗೆ ಬಾಗದಂತೆ ಹಿಂದೆ ತಂತಿ ಜಾಲರಿ ಕೊಡಿ.

ಹೆಪಾ ಅಂತ ಬರೆದ ದಪ್ಪ ಫಿಲ್ಟರ್ ಹಾಕಲೇ ಅಂತಲೂ ಬಹಳ ಜನ ಕೇಳುತ್ತಾರೆ. ನಿಜವಾದ ಹೆಪಾ 0.3 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಣಗಳಲ್ಲಿ ಶೇಕಡಾ 99.97ರಷ್ಟು ಹಿಡಿಯಬೇಕು. ಅಂಥದ್ದರ ಮೂಲಕ ಗಾಳಿ ತಳ್ಳುವ ತಾಕತ್ತು ಹಳೇ ಸಣ್ಣ ಕಾರಿನ ಬ್ಲೋವರ್‌ಗೆ ಇಲ್ಲ.

ನವನಗರದ ಸರ್, ನೀವು ಕಾಯಿಲ್ ಮೊದಲು ತೊಳೆದದ್ದು ಬಹಳ ಒಳ್ಳೆಯದಾಯಿತು. ಬೇರೆಯವರಿಗೆ ಒಂದು ಮಾತು: ಮನೆಯಲ್ಲಿರುವ ಆಸಿಡ್, ಕಾಸ್ಟಿಕ್ ಹಾಕಬೇಡಿ. ಅಲ್ಯೂಮಿನಿಯಂ ತಿಂದುಬಿಡುತ್ತದೆ. ಕಾಯಿಲ್ ಇಳಿಸಿಯೇ ತೊಳೆಯಬೇಕು ಅಂತಾದರೆ ಗ್ಯಾಸ್ ತೆಗೆದು, ವ್ಯಾಕ್ಯೂಮ್ ಮಾಡಿ, ಮತ್ತೆ ತುಂಬುವ ಯಂತ್ರ ಇರುವ ಕಡೆಯೇ ಹೋಗಿ.

ಎರೆಹೊಲ

ನನ್ನದು ಬೇರೆ ಅಭಿಪ್ರಾಯ. ನಾನು ಸಿಂದಗಿ ಕಡೆಯವನು. ಹದಿನೈದು ವರ್ಷದಿಂದ ಗ್ಲಾಸ್ ಏರಿಸಿ, ಒಳಗಿನ ಗಾಳಿಯ ಬಟನ್ ಒತ್ತಿ ಓಡಿಸುತ್ತಿದ್ದೇನೆ. ಹೊರಗಿನ ಗಾಳಿ ಬರುವುದೇ ಇಲ್ಲ ಅಂದಮೇಲೆ ಫಿಲ್ಟರ್ ಯಾಕೆ? ಹಳೇ ಗಾಡಿಯ ಪ್ಲಾಸ್ಟಿಕ್ ಕೊಯ್ಯುವ ಅಪಾಯ ಯಾಕೆ?

ನವನಗರದಿಂದ

ಅಣ್ಣಾ, ನಾನೂ ಹಾಗೇ ಓಡಿಸುತ್ತಿದ್ದೆ. ಹೊರಗಿನ ಗಾಳಿ ಬಟನ್ ಮುಟ್ಟಿದ್ದೇ ಅಪರೂಪ. ಆದರೂ ಕಾಯಿಲ್ ಮೇಲೆ ಆ ಕಂಬಳಿ ಇತ್ತಲ್ಲ, ಅದು ಎಲ್ಲಿಂದ ಬಂತು? ಒಳಗಿನ ಗಾಳಿಯನ್ನು ಬ್ಲೋವರ್ ಎಳೆಯುವುದು ಕಾಲಿನ ಹತ್ತಿರದಿಂದ. ನಮ್ಮ ಚಪ್ಪಲಿ ಧೂಳು, ಮ್ಯಾಟ್ ಧೂಳು, ಸೀಟಿನ ನೂಲು ಎಲ್ಲ ಅಲ್ಲಿಂದಲೇ ಹೋಗುತ್ತದೆ. ನಾನು ತೆಗೆದ ಪದರದಲ್ಲಿ ಸೀಟಿನ ನೂಲು ಎಷ್ಟಿತ್ತು ಅಂದರೆ ಬಣ್ಣ ಗುರುತು ಸಿಗುತ್ತಿತ್ತು.

ಇನ್ನೊಂದು ವಿಷಯ ನನಗೆ ಫಿಲ್ಟರ್ ಹಾಕಿದ ಮೇಲೆಯೇ ಗೊತ್ತಾಯಿತು. ಹಳೇ ಗಾಡಿಯ ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ), ಡಿಕ್ಕಿಯ ರಬ್ಬರ್ ಗಟ್ಟಿಯಾಗಿ ಸಂದು ಬಿಟ್ಟಿರುತ್ತವೆ. ಒಳಗಿನ ಗಾಳಿಯನ್ನೇ ಸುತ್ತಿಸುತ್ತಿದ್ದರೆ ಕಾರಿನೊಳಗೆ ಒತ್ತಡ ಇರುವುದಿಲ್ಲ. ಓಡುವಾಗ ಆ ಸಂದುಗಳಿಂದ ಧೂಳು ಒಳಗೆ ಬರುತ್ತದೆ. ಡಿಕ್ಕಿ ತೆಗೆದರೆ ಸ್ಟೆಪ್ನಿ ಮೇಲೆ ಪುಡಿ ಕೂತಿರುತ್ತದಲ್ಲ, ಅದೇ. ಹೊರಗಿನ ಗಾಳಿ ತೆಗೆದುಕೊಂಡು ಬ್ಲೋವರ್ ಎರಡರಲ್ಲಿ ಇಟ್ಟರೆ ಒಳಗೆ ಸ್ವಲ್ಪ ಒತ್ತಡ ಆಗಿ ಗಾಳಿ ಸಂದುಗಳಿಂದ ಹೊರಗೆ ಹೋಗುತ್ತದೆ. ಧೂಳು ಎದುರು ನುಗ್ಗುವುದು ಕಡಿಮೆ. ಫಿಲ್ಟರ್ ಇಲ್ಲದಿದ್ದಾಗ ಹೀಗೆ ಮಾಡಲು ಆಗುತ್ತಿರಲಿಲ್ಲ, ಹೊರಗಿನ ಧೂಳು ನೇರ ಮುಖಕ್ಕೆ. ಈಗ ಮಾಡಬಹುದು. ನನಗೆ ಫಿಲ್ಟರಿನಿಂದ ಆದ ದೊಡ್ಡ ಲಾಭ ಇದೇ.

ಗ್ಲಾಸ್ ಏರಿಸಿ ನಾಲ್ಕು ಜನ ಗಂಟೆಗಟ್ಟಲೆ ಒಳಗಿನ ಗಾಳಿಯಲ್ಲೇ ಕೂತರೆ ನಾವು ಬಿಟ್ಟ ಇಂಗಾಲದ ಡೈಆಕ್ಸೈಡ್ ಅಲ್ಲೇ ಸೇರುತ್ತದೆ. ತಲೆ ಭಾರ, ಕಣ್ಣು ಎಳೆಯುವುದು. ಕೊಲ್ಹಾರದ ಕೃಷ್ಣಾ ಸೇತುವೆ ಮೇಲೆ ಒಮ್ಮೆ ನನಗೆ ತೂಕಡಿಕೆ ಬಂದದ್ದು ಹೀಗೇ ಇರಬೇಕು. ಈ ಅನಿಲಕ್ಕೆ ಯಾವ ಫಿಲ್ಟರೂ ಆಗುವುದಿಲ್ಲ, ಹೊರಗಿನ ಗಾಳಿಯೇ ಬೇಕು. ಲಾರಿ ಹಿಂದೆ ಸಿಕ್ಕಿಕೊಂಡಾಗ ಮಾತ್ರ ನಾನು ಒಳಗಿನ ಬಟನ್ ಒತ್ತುತ್ತೇನೆ. ದಾಟಿದ ಮೇಲೆ ತೆಗೆಯುತ್ತೇನೆ.

ಇಳಕಲ್_ಟೀಚರ್

ನಮ್ಮದು ಮಾರುತಿ 800. ನಮ್ಮವರು ಇದ್ದಾಗ ತೆಗೆದುಕೊಂಡದ್ದು, ಮಾರಲು ಮನಸ್ಸಿಲ್ಲ. ಶಾಲೆಗೆ ಅದರಲ್ಲೇ ಹೋಗುತ್ತೇನೆ. ಇಳಕಲ್ಲಿನ ಗ್ರಾನೈಟ್ ಧೂಳು ನಿಮಗೆ ಗೊತ್ತೇ ಇದೆ. ಮಗಳಿಗೆ ಬೆಳಗಿನ ಸೀನು ನಿಲ್ಲುವುದಿಲ್ಲ. ನಮ್ಮ ಗಾಡಿಗೆ ಏನಾದರೂ ದಾರಿ ಇದೆಯಾ?

ಉದ್ಯಮಬಾಗ್_ಎಸಿ

ಟೀಚರ್, 800ರಲ್ಲಿ ಫಿಲ್ಟರ್‌ಗೆ ಅಂತ ಜಾಗ ಇಲ್ಲ. ಯಾರಾದರೂ "ಕೊಯ್ದು ಹಾಕಿಕೊಡುತ್ತೇನೆ" ಅಂದರೆ ಒಪ್ಪಬೇಡಿ.

ಆದರೆ ಮಾಡಬಹುದಾದದ್ದು ಇದೆ. ಕಾಯಿಲ್ ಒಮ್ಮೆ ಚೆನ್ನಾಗಿ ತೊಳೆಸಿ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿ. ಹೊರಗಿನ ಗಾಳಿ ಬರುವ ಬಾಯಿಗೆ ಬಾನೆಟ್ ಕಡೆಯಿಂದ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಿ. ಅದು ಎಲೆ, ಕಸ, ಇಲಿ ತಡೆಯುತ್ತದೆ. ಪುಡಿ ಧೂಳು ತಡೆಯುವುದಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಒಳಗಿನ ಗಾಳಿ ಎಳೆಯುವ ಬಾಯಿಗೆ ತೆಳುವಾದ ಒಂದೇ ಪದರ ಎಸಿ ಫೋಮ್ ಹಾಕಬಹುದು. ಆದರೆ ಚೌಕಟ್ಟು ಮಾಡಿ ಸ್ಕ್ರೂ ಹಾಕಿಯೇ ಕೂರಿಸಬೇಕು. ಸುಮ್ನೆ ಸಿಕ್ಕಿಸಿದರೆ ಬ್ಲೋವರ್ ಅದನ್ನು ಎಳೆದುಕೊಂಡು ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಫೋಮ್ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ.

ಎಲ್ಲಕ್ಕಿಂತ ಮೊದಲು ನಾಲ್ಕು ಬಾಗಿಲಿನ ಬೀಡಿಂಗ್ ಬದಲಿಸಿ. ಖರ್ಚೂ ದೊಡ್ಡದಲ್ಲ. ಮಗಳ ಸೀನಿಗೆ ಅರ್ಧ ಉತ್ತರ ಅಲ್ಲೇ ಸಿಗಬಹುದು.

ಖಾನಾಪುರ_ಮಳೆ

ನಮ್ಮ ಕಡೆ ಧೂಳಿಗಿಂತ ತೇವದ ಕಾಟ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒಣಗುವುದೇ ಇಲ್ಲ. ಫಿಲ್ಟರ್ ಇದ್ದ ಗಾಡಿಯಲ್ಲೇ ನನಗೆ ವಾಸನೆ ಬರುತ್ತಿತ್ತು. ತೆಗೆದು ನೋಡಿದರೆ ಫಿಲ್ಟರ್ ಮೇಲೇ ಕಪ್ಪು ಚುಕ್ಕೆ ಚುಕ್ಕೆ ಬೂಷ್ಟು. ಗಾಜಿನ ಕೆಳಗೆ ಎಲೆ ಕೊಳೆತು ನೀರು ಒಳಗೆ ಇಳಿಯುತ್ತಿತ್ತು. ಎಲೆ ತೆಗೆದೆ, ಫಿಲ್ಟರ್ ಬದಲಿಸಿದೆ.

ಈಗ ಮನೆ ಒಂದು ಕಿಲೋಮೀಟರ್ ಇದೆ ಅನ್ನುವಾಗ ಎಸಿ ಬಟನ್ ಆಫ್ ಮಾಡಿ ಬರೀ ಬ್ಲೋವರ್ ಓಡಿಸುತ್ತೇನೆ. ಕಾಯಿಲ್ ಒಣಗುತ್ತದೆ. ಎರಡು ಮಳೆಗಾಲ ಆಯಿತು, ವಾಸನೆ ಇಲ್ಲ. ಎಡಗಡೆ ಕಾಲಿನ ಹತ್ತಿರ ಕಾರ್ಪೆಟ್ ಒದ್ದೆ ಆಗಿದ್ದರೆ ಡ್ರೈನ್ ಪೈಪ್ ಕಟ್ಟಿದೆಯೋ ನೋಡಿ.

ಗುಮ್ಮಟದೂರು

ಉದ್ಯಮಬಾಗ್ ಸರ್, ನಿಮ್ಮ ಉತ್ತರ ಓದುವುದು ಎರಡು ದಿನ ತಡವಾಯಿತು. ಅಷ್ಟರಲ್ಲಿ ಒಂದು, ಎರಡು, ಮೂರು ಹೋದವು. ನಾಲ್ಕು ಮಾತ್ರ ಓಡುತ್ತಿದೆ, ನೀವು ಹೇಳಿದ ಹಾಗೇ. ರೆಸಿಸ್ಟರ್ ಬಿಚ್ಚಿದೆ, ಸುರುಳಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಕಂದಾಗಿ ಕರಗಿದೆ. ಹೊಸದು ಹಾಕಿಸಿದೆ. ಹದಿನೈದು ದಿನ ಹುಡುಕಿ ಮಡಿಕೆ ಫಿಲ್ಟರ್ ತಂದು, ಕತ್ತರಿಸಿ, ಜಾಲರಿ ಕೊಟ್ಟು ಕೂರಿಸಿದೆ. ಈಗ ಎರಡರಲ್ಲೇ ಮೊದಲು ಮೂರರಲ್ಲಿ ಬರುತ್ತಿದ್ದಷ್ಟು ಗಾಳಿ ಬರುತ್ತಿದೆ. ಬೇರೆ ಯಾರೂ ಬಟ್ಟೆ ತುರುಕಬೇಡಿ ಅಂತ ಬರೆಯುತ್ತಿದ್ದೇನೆ.

ಒಂದು ಪ್ರಶ್ನೆ. ಕಪ್ಪಗಿನ ಕಾರ್ಬನ್ ಫಿಲ್ಟರ್ ತರಬೇಕಿತ್ತಾ? ಕಬ್ಬಿನ ರವದಿ (ಒಣ ಎಲೆ) ಸುಡುವ ಹೊಗೆಗೆ?

ನವನಗರದಿಂದ

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಜೋಳದ ರಾಶಿ ಮುಗಿಯಿತು, ಫಿಲ್ಟರ್ ತೆಗೆದು ನೋಡಿದೆ.

ಮೊದಲು ಕಾರ್ಬನ್ ಬಗ್ಗೆ. ಸಾದಾ ಫಿಲ್ಟರ್ ಕಣ್ಣಿಗೆ ಕಾಣುವ ಧೂಳು, ಹೊಟ್ಟು, ಪರಾಗ ಚೆನ್ನಾಗಿ ಹಿಡಿಯುತ್ತದೆ. ಹೊಗೆಯ ಕಣ ಬಹಳ ಸಣ್ಣದು, ಹೆಚ್ಚಿನವು ಒಂದು ಮೈಕ್ರಾನ್‌ಗಿಂತ ಕಡಿಮೆ. ತಲೆಕೂದಲು 50ರಿಂದ 70 ಮೈಕ್ರಾನ್ ದಪ್ಪ, ಅದಕ್ಕೆ ಹೋಲಿಸಿ ನೋಡಿ. ಅವುಗಳಲ್ಲಿ ಒಂದಷ್ಟು ಯಾವ ಫಿಲ್ಟರ್ ಹಾಕಿದರೂ ದಾಟುತ್ತವೆ. ಕಾರ್ಬನ್ ಪದರ ವಾಸನೆಯನ್ನು, ಕೆಲವು ಅನಿಲಗಳನ್ನು ಹೀರುತ್ತದೆ. ಅದು ತುಂಬಿದ ಮೇಲೆ ಹೀರುವುದಿಲ್ಲ. ನನ್ನ ಮಟ್ಟಿಗೆ ದುಬಾರಿ ಕಾರ್ಬನ್ ಒಂದೂವರೆ ವರ್ಷ ಇಡುವುದಕ್ಕಿಂತ ಸಾದಾ ಫಿಲ್ಟರನ್ನು ಹಂಗಾಮಿಗೊಂದು ಬದಲಿಸುವುದು ಮೇಲು. ರವದಿ ಸುಡುವ ಕಡೆ ಹೊಗೆ ದಾಟುವವರೆಗೆ ಒಳಗಿನ ಗಾಳಿಯ ಬಟನ್ ಒತ್ತುತ್ತೇನೆ.

ಈಗ ಫಿಲ್ಟರ್. ಬಿಳಿ ಇದ್ದದ್ದು ಮಣ್ಣಿನ ಬಣ್ಣ ಆಗಿತ್ತು. ಅಂಗಳದಲ್ಲಿ ಪೇಪರ್ ಹಾಸಿ ಮೆಲ್ಲಗೆ ತಟ್ಟಿದೆ. ಮಡಿಕೆಗಳಿಂದ ಜೋಳದ ಹೊಟ್ಟು ಉದುರಿತು. ಪುಡಿ ಮಣ್ಣು ಎರಡು ಚಮಚದಷ್ಟಿತ್ತು. ಒಂದು ಬದಿಯ ಮಡಿಕೆಗಳು ಇನ್ನೊಂದು ಬದಿಗಿಂತ ಕಪ್ಪಾಗಿದ್ದವು, ಗಾಳಿ ಆ ಕಡೆಯಿಂದಲೇ ಜಾಸ್ತಿ ಹೋಗುತ್ತದೆ ಅಂತ ಕಾಣುತ್ತದೆ. ಅವ್ವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದಳು. "ಇಷ್ಟೂ ನಮ್ಮ ಎದಿಯೊಳಗ ಹೋಗ್ತಿತ್ತೇನು?" ಅಂದಳು. ಇದರಲ್ಲಿ ಎಷ್ಟೋ ಹೋಗುತ್ತಿತ್ತು ಅವ್ವಾ ಅಂದೆ.

ತೊಳೆದು ಮತ್ತೆ ಹಾಕೋಣ ಅನ್ನಿಸಿತು, ಹಾಕಲಿಲ್ಲ. ಈ ಬಟ್ಟೆಯ ನೂಲಿನಲ್ಲಿ ವಿದ್ಯುದಾವೇಶ ಇರುತ್ತದೆ, ಸಣ್ಣ ಕಣ ಅಂಟುವುದು ಅದರಿಂದ. ತೊಳೆದರೆ ಆ ಗುಣ ಕಡಿಮೆಯಾಗಬಹುದು. ಹೊಸದು ಹಾಕಿದೆ. ಹಾಕುವ ಮೊದಲು ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಕಾಯಿಲ್ ಎಸಳುಗಳು ಹೊಳೆಯುತ್ತಿದ್ದವು. ಒಂದು ಮೂಲೆಯಲ್ಲಿ ಮಾತ್ರ ಬೆರಳಗಲ ಧೂಳು. ನಾನು ಎರಡನೇ ಪಟ್ಟಿ ಫೋಮ್ ಹಾಕಿದ್ದ ಮೂಲೆಯೇ ಅದು, ಅಂಟು ಬಿಟ್ಟಿದೆ. ಅದನ್ನು ಕಿತ್ತು ಒಂದೇ ಉದ್ದದ ಪಟ್ಟಿಯಾಗಿ, ಮೂಲೆಯಲ್ಲಿ ಕತ್ತರಿಸದೆ, ಸುತ್ತಿ ಅಂಟಿಸಿದ್ದೇನೆ. ಇಳಕಲ್ ಟೀಚರ್, ಬೀಡಿಂಗ್ ಹಾಕಿಸಿದ ಮೇಲೆ ಮಗಳು ಹೇಗಿದ್ದಾಳೆ ಅಂತ ಇಲ್ಲಿ ಬರೆಯಿರಿ.